ಅಲ್ಬೆಂಡಜೋಲ್ 400: ಅಮ್ಮನಿಗೂ ಮಗನಿಗೂ ಕೊಟ್ಟ ಹುಳದ ಮಾತ್ರೆ, ಒಂದು ವರ್ಷದ ಅನುಭವ

ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಹುಳದ ಮಾತ್ರೆ ತಿಂದರು. ಒಬ್ಬರು ನನ್ನ ಅಮ್ಮ, 63 ವರ್ಷ, ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಇನ್ನೊಬ್ಬ ನನ್ನ ಮಗ, ಎರಡನೇ ಕ್ಲಾಸು, ಶಿವಮೊಗ್ಗದಲ್ಲಿ ನನ್ನ ಜೊತೆ ಇರುತ್ತಾನೆ. ಮಾತ್ರೆ ಒಂದೇ, ಅಲ್ಬೆಂಡಜೋಲ್ 400 ಮಿಲಿಗ್ರಾಂ. ಆದರೆ ಇಬ್ಬರ ಹೊಟ್ಟೆಯಲ್ಲಿದ್ದ ಹುಳ ಬೇರೆ, ಆ ಹುಳಕ್ಕೆ ಇಬ್ಬರ ಮೈ ಕೊಟ್ಟ ಉತ್ತರವೂ ಬೇರೆ. ಮಾತ್ರೆ ಎಷ್ಟು ಕೆಲಸ ಮಾಡುತ್ತೆ, ಎಲ್ಲಿ ಕೈಬಿಡುತ್ತೆ ಅಂತ ಗೊತ್ತಾಗಬೇಕಾದರೆ ಮೈ ಏನು ಮಾಡುತ್ತಿತ್ತು ಅನ್ನೋದನ್ನೂ ಹೇಳಬೇಕು. ಹಾಗಾಗಿ ಸ್ವಲ್ಪ ಉದ್ದ ಆಗಿದೆ.

ಮೊದಲು ಮಾತ್ರೆ ಬಗ್ಗೆ. ಅಗಿದು ತಿನ್ನುವ ಮಾತ್ರೆ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ, ಒಳಗಿರುವುದು ಅದೇ ಔಷಧಿ. ನಮಗೆ ಮೆಡಿಕಲ್ ಶಾಪಿನಲ್ಲಿ ಒಂದಕ್ಕೆ ಹತ್ತು ರೂಪಾಯಿ ಆಸುಪಾಸು ಬಿತ್ತು. ಶಾಲೆ, ಅಂಗನವಾಡಿಗಳಲ್ಲಿ ಇದನ್ನೇ ಪುಕ್ಕಟೆ ಕೊಡುತ್ತಾರೆ. ಮಕ್ಕಳು ಉಗುಳದೆ ತಿನ್ನುವಷ್ಟು ಸಿಹಿ ಇದೆ. ಅಮ್ಮನಿಗೆ ಮಾತ್ರ ಸೀಮೆಸುಣ್ಣ ಅಗಿದ ಹಾಗೆ ಆಯಿತಂತೆ.

ಈಗ ಅಮ್ಮನ ಕಥೆ. ಹೋದ ವರ್ಷ ಜೂನ್‌ನಲ್ಲಿ ಮಳೆ ಹಿಡಿದಾಗ ಪಾದದಲ್ಲಿ, ಬೆರಳ ಸಂದಿಯಲ್ಲಿ ಕೆರೆತ ಶುರುವಾಯಿತು. ಸಣ್ಣ ಸಣ್ಣ ಕೆಂಪು ಗುಳ್ಳೆ. "ಎಂತದೂ ಇಲ್ಲ ಮಾರಾಯ್ತಿ, ಮಳೆಗಾಲದಲ್ಲಿ ಎಲ್ಲರಿಗೂ ಆಗುತ್ತೆ" ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಾದರು. ಆಮೇಲೆ ಒಣಕೆಮ್ಮು. ರಕ್ತ ಪರೀಕ್ಷೆಯಲ್ಲಿ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಬಂತು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ನೋಡಿದವರು "ಇಸ್ನೋಫೀಲಿಯಾ ಇದೆ, ಧೂಳಿನ ಅಲರ್ಜಿ" ಅಂದರು. ಎರಡು ತಿಂಗಳು ಅಲರ್ಜಿ ಮಾತ್ರೆ ನಡೆಯಿತು. ಕೆಮ್ಮು ತಾನಾಗೇ ಕಡಿಮೆ ಆಯಿತು, ನಾವು ಮಾತ್ರೆಯಿಂದ ಅಂದುಕೊಂಡೆವು. ಅಕ್ಟೋಬರ್ ಹೊತ್ತಿಗೆ ಅಮ್ಮ ಕೊಟ್ಟಿಗೆಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ನಾನು ಊರಿಗೆ ಹೋಗಿ ನೋಡಿದವಳು ಮಾರನೇ ದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಬಂದೆ.

ಹಿಮೋಗ್ಲೋಬಿನ್ 7.6. ಇಯೋಸಿನೋಫಿಲ್ ಶೇಕಡ 22. ಹೊಸ ಡಾಕ್ಟರು ಆ ಶೇಕಡವನ್ನು ಹಾಗೇ ಓದಲಿಲ್ಲ, ಒಟ್ಟು ಬಿಳಿ ರಕ್ತಕಣಗಳ ಲೆಕ್ಕದ ಜೊತೆ ಗುಣಿಸಿದರು. ಒಂದು ಮೈಕ್ರೋಲೀಟರಿಗೆ ಸುಮಾರು 2,000 ಬಂತು. 500ರ ಒಳಗೆ ಇರಬೇಕಂತೆ. ಆಮೇಲೆ ಅವರು ಕೇಳಿದ ಪ್ರಶ್ನೆ ಮೊದಲಿನ ಕ್ಲಿನಿಕ್ಕಿನಲ್ಲಿ ಯಾರೂ ಕೇಳಿರಲಿಲ್ಲ. "ಅಮ್ಮಾ, ತೋಟಕ್ಕೆ ಹೋಗೋವಾಗ ಕಾಲಿಗೆ ಏನು ಹಾಕ್ಕೋತೀರಿ?" ಅಮ್ಮ ಹೇಳಿದ್ದು, "ಎಂತ ಹಾಕೋದು ಡಾಕ್ಟ್ರೇ, ಬರಿಗಾಲು." ಅಲ್ಲಿಗೆ ಅವರಿಗೆ ಮುಕ್ಕಾಲು ಭಾಗ ಗೊತ್ತಾಯಿತು ಅನ್ನಿಸುತ್ತೆ. ಕೊಕ್ಕೆಹುಳು.

ಇದು ಬಾಯಿಂದ ಬರುವ ಹುಳ ಅಲ್ಲ, ನನಗೆ ಆವತ್ತೇ ಗೊತ್ತಾಗಿದ್ದು. ಬಯಲಿಗೆ ಹೋದವರ ಮಲದಲ್ಲಿ ಮೊಟ್ಟೆ ಇರುತ್ತದೆ. ನೆರಳು, ತೇವ, ಬೆಚ್ಚಗಿನ ಮಣ್ಣು ಸಿಕ್ಕರೆ ಅದು ಒಡೆದು ಐದರಿಂದ ಹತ್ತು ದಿನದಲ್ಲಿ ಚರ್ಮ ತೂರುವ ಮರಿಯಾಗುತ್ತದೆ. ಅಡಿಕೆ ತೋಟಕ್ಕಿಂತ ಒಳ್ಳೆ ನೆರಳು, ತೇವ ಇನ್ನೆಲ್ಲಿ ಸಿಗುತ್ತೆ ಹೇಳಿ. ಬರಿಗಾಲು ಸಿಕ್ಕಿದರೆ ಚರ್ಮ ತೂರಿ ಒಳಗೆ ಬರುತ್ತದೆ. ರಕ್ತನಾಳ ಹಿಡಿದು ಹೃದಯ, ಅಲ್ಲಿಂದ ಶ್ವಾಸಕೋಶ, ಶ್ವಾಸನಾಳದಲ್ಲಿ ಮೇಲೆ ಹತ್ತಿ ಗಂಟಲಿಗೆ ಬಂದು, ನಾವೇ ನುಂಗಿ, ಸಣ್ಣ ಕರುಳಿಗೆ. 1898ರಲ್ಲಿ ಕೈರೋದಲ್ಲಿ ಆರ್ಥರ್ ಲೂಸ್ ಅನ್ನೋ ಜರ್ಮನ್ ವಿಜ್ಞಾನಿ ಈ ಮರಿಗಳಿದ್ದ ನೀರನ್ನು ಗೊತ್ತಿಲ್ಲದೆ ಕೈಮೇಲೆ ಚೆಲ್ಲಿಕೊಂಡರಂತೆ. ಆ ಜಾಗ ಉರಿದು ಕೆಂಪಾಯಿತು, ಕೆಲವು ವಾರ ಆದಮೇಲೆ ಅವರ ಮಲದಲ್ಲೇ ಮೊಟ್ಟೆ ಕಾಣಿಸಿತು. ಚರ್ಮದಿಂದ ಬರುತ್ತದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹಾಗೆ. ಅಮ್ಮನ ಕಾಲಿನ ಕೆರೆತ, ಆಮೇಲಿನ ಕೆಮ್ಮು, ಆಮೇಲಿನ ಸುಸ್ತು ಮೂರೂ ಬೇರೆ ಬೇರೆ ಕಾಯಿಲೆ ಅಂತ ನಾವು ಅಂದುಕೊಂಡಿದ್ದೆವು. ಮೂರೂ ಒಂದೇ ಹುಳ ನಡೆದು ಬಂದ ದಾರಿ.

ಆ ದಾರಿಯುದ್ದಕ್ಕೂ ಮೈ ಸುಮ್ಮನೆ ಕೂತಿರಲಿಲ್ಲ. ಡಾಕ್ಟರು ಹೇಳಿದ್ದು, ನಾನು ಆಮೇಲೆ ಓದಿಕೊಂಡಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ಬ್ಯಾಕ್ಟೀರಿಯಾ ಬಂದರೆ ಬಿಳಿ ರಕ್ತಕಣ ಅದನ್ನು ನುಂಗಿಬಿಡುತ್ತದೆ. ಸೆಂಟಿಮೀಟರ್ ಉದ್ದದ ಹುಳವನ್ನು ಯಾವ ಕಣ ನುಂಗುತ್ತೆ? ಆಗೋದಿಲ್ಲ. ಹಾಗಾಗಿ ಹುಳಕ್ಕೆ ಮೈ ಬೇರೆಯೇ ಒಂದು ವ್ಯವಸ್ಥೆ ಇಟ್ಟುಕೊಂಡಿದೆ. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶ ಅಂತ ಇರುತ್ತವೆ, ತುದಿಯಲ್ಲಿ ಸಣ್ಣ ಕುಚ್ಚು. ಹುಳ ಬಂದಿದೆ ಅಂತ ಮೊದಲು ಮೂಸಿ ನೋಡುವುದು ಇವೇ. ಇದು ಗೊತ್ತಾಗಿದ್ದು ತೀರಾ ಈಚೆಗೆ, 2016ರಲ್ಲಿ, ಅದೂ ಇಲಿಗಳ ಮೇಲಿನ ಪ್ರಯೋಗದಲ್ಲಿ. ಇವು ಇಂಟರ್‌ಲ್ಯೂಕಿನ್-25 ಅನ್ನೋ ಸಂದೇಶ ಬಿಡುತ್ತವೆ. ಅದನ್ನು ಕೇಳಿಸಿಕೊಂಡ ಕಾವಲು ಕೋಶಗಳು, ಆಮೇಲೆ ಟಿಎಚ್2 ಅನ್ನೋ ಜಾತಿಯ ಟಿ ಕೋಶಗಳು (ಇವೂ ಬಿಳಿ ರಕ್ತಕಣಗಳೇ), ಇನ್ನೂ ಮೂರು ಸಂದೇಶ ಕಳಿಸುತ್ತವೆ. ಇಂಟರ್‌ಲ್ಯೂಕಿನ್-13 ಬಂದರೆ ಕರುಳು ಲೋಳೆ ಜಾಸ್ತಿ ಸುರಿಸುತ್ತದೆ, ಒಳಪದರ ಬೇಗ ಬೇಗ ಕಳಚಿ ಹೊಸದಾಗುತ್ತದೆ, ಸ್ನಾಯು ಜೋರಾಗಿ ಹಿಂಡುತ್ತದೆ. ನುಂಗಲಾಗದ್ದನ್ನು ತೊಳೆದು ತಳ್ಳು ಅಂತ ಲೆಕ್ಕ. ಮಳೆ ಜೋರಾದಾಗ ತೋಟದ ಬಸಿಗಾಲುವೆ ಸೋಗೆ, ಹಾಳೆ, ಕಸ ಎಲ್ಲ ಎಳೆದುಕೊಂಡು ಹೋಗುತ್ತಲ್ಲ, ಹಾಗೆ. ಇಂಟರ್‌ಲ್ಯೂಕಿನ್-5 ಮೂಳೆಮಜ್ಜೆಗೆ ಹೋಗಿ ಇಯೋಸಿನೋಫಿಲ್‌ಗಳನ್ನು ಕರೆಯುತ್ತದೆ. ಇಂಟರ್‌ಲ್ಯೂಕಿನ್-4 ಬಂದರೆ ಐಜಿಇ ಅನ್ನೋ ಪ್ರತಿಕಾಯ ತಯಾರಾಗುತ್ತದೆ. ಅದು ಮಾಸ್ಟ್ ಕೋಶ ಅನ್ನೋ ಇನ್ನೊಂದು ಬಗೆಯ ರಕ್ಷಣಾ ಕೋಶಗಳ ಮೈಮೇಲೆ ಹೋಗಿ ಕೂರುತ್ತದೆ, ಹುಳದ ಪ್ರೋಟೀನ್ ತಗುಲಿದ ಕೂಡಲೇ ಆ ಕೋಶ ಹಿಸ್ಟಮಿನ್ ಅನ್ನೋ ರಾಸಾಯನಿಕ ಸುರಿಯುತ್ತದೆ. ಆಗ ಕೆರೆತ, ಊತ.

ಇಯೋಸಿನೋಫಿಲ್ ಅಂದರೆ ಏನೋ ಕಾಯಿಲೆ ಅಂತಲೇ ನಾವೆಲ್ಲ ತಿಳಿದಿದ್ದೇವೆ. ಅದು ಕಾಯಿಲೆ ಅಲ್ಲ, ಒಂದು ಬಗೆಯ ಬಿಳಿ ರಕ್ತಕಣ. ಇಯೋಸಿನ್ ಅನ್ನೋ ಕೆಂಪು ಬಣ್ಣವನ್ನು ಚೆನ್ನಾಗಿ ಹೀರುತ್ತೆ ಅಂತ 1879ರಲ್ಲಿ ಪಾಲ್ ಎರ್ಲಿಕ್ ಇದನ್ನು ಗುರುತಿಸಿದ್ದು. ಒಳಗೆಲ್ಲ ವಿಷದ ಹರಳು ತುಂಬಿಕೊಂಡಿರುತ್ತದೆ. ಮರಿಹುಳು ಅಂಗಾಂಶದಲ್ಲಿ ಹೋಗುತ್ತಿರುವಾಗ ಗುಂಪಾಗಿ ಅಂಟಿಕೊಂಡು ಆ ಹರಳನ್ನು ಅದರ ಮೇಲೆ ಸುರಿಯುತ್ತದೆ. ಅಮ್ಮನ ರಿಪೋರ್ಟಿನ 22 ಅನ್ನೋ ಸಂಖ್ಯೆ ಮೈ ಕೊಡುತ್ತಿದ್ದ ದೂರು. ಎರಡು ತಿಂಗಳು ನಾವು ಆ ದೂರಿಗೆ ಅಲರ್ಜಿ ಅಂತ ಹೆಸರಿಟ್ಟು ಮಾತ್ರೆ ಕೊಟ್ಟೆವು. ಅಲರ್ಜಿಗೂ ಇದಕ್ಕೂ ವ್ಯವಸ್ಥೆ ಒಂದೇ ಆದ್ದರಿಂದ ಈ ತಪ್ಪು ಸುಲಭವಾಗಿ ಆಗುತ್ತೆ, ನಿಜ. ಆದರೂ ತೋಟದಲ್ಲಿ ಕೆಲಸ ಮಾಡುವವರಿಗೆ ಇಯೋಸಿನೋಫಿಲ್ ಏರಿದರೆ ಮಲ ಪರೀಕ್ಷೆ ಬರೆದುಕೊಡಿ ಅಂತ ನೀವೇ ಕೇಳಿ. ನಾನು ಕೇಳಬೇಕಿತ್ತು.

ಮಲ ಪರೀಕ್ಷೆಯಲ್ಲೂ ಒಂದು ಪಾಠ ಆಯಿತು. ಮೊದಲ ಸಲ ಒಂದು ಲ್ಯಾಬಿಗೆ ಕೊಟ್ಟೆವು. ಹಿಂದಿನ ರಾತ್ರಿಯ ಮಾದರಿ, ಬಸ್ಸಿನಲ್ಲಿ ಬಂದು, ಸಂಜೆ ನೋಡಿದರು. ಯಾವಾಗ ತೆಗೆದಿದ್ದು ಅಂತ ಯಾರೂ ಕೇಳಲಿಲ್ಲ. "ಮೊಟ್ಟೆ ಕಂಡುಬಂದಿಲ್ಲ" ಅಂತ ರಿಪೋರ್ಟ್. ಕೊಕ್ಕೆಹುಳುವಿನ ಮೊಟ್ಟೆಗೆ ಚಿಪ್ಪು ತೆಳು. ಹೊತ್ತು ಹೋದ ಹಾಗೆ ಬೆಚ್ಚಗಿನ ಜಾಗದಲ್ಲಿ ಒಡೆದುಹೋಗುತ್ತದೆ, ಗುರುತು ಸಿಗುವುದಿಲ್ಲ. ಡಾಕ್ಟರು ಆ ರಿಪೋರ್ಟನ್ನು ಪಕ್ಕಕ್ಕಿಟ್ಟು, ಬೆಳಿಗ್ಗೆಯ ಹೊಸ ಮಾದರಿ ಬೇರೆ ಕಡೆ ಕೊಡಿಸಿದರು. ಎರಡು ಗಂಟೆಯ ಒಳಗೆ ನೋಡಿದರು, ಮೊಟ್ಟೆ ಸಿಕ್ಕಿತು. ಇನ್ನೊಂದು ವಿಷಯ. ಮರಿ ಚರ್ಮ ತೂರಿದ ಮೇಲೆ ಕರುಳಿಗೆ ಬಂದು ಬೆಳೆದು ಮೊಟ್ಟೆ ಇಡಲು ಐದಾರು ವಾರವಾದರೂ ಬೇಕು. ಜೂನ್‌ನಲ್ಲಿ ಕಾಲು ಕೆರೆಯುತ್ತಿದ್ದಾಗಲೇ ಪರೀಕ್ಷೆ ಮಾಡಿಸಿದ್ದರೆ ಆ ಮಳೆಯ ಹುಳ ಹೇಗೂ ಸಿಗುತ್ತಿರಲಿಲ್ಲ. ಆ ಹೊತ್ತಿಗೆ ಮೈಗೆ ಗೊತ್ತಿರುತ್ತದೆ, ಸೂಕ್ಷ್ಮದರ್ಶಕಕ್ಕೆ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಹೋರಾಡಿದ ಮೈ ಹುಳವನ್ನು ಯಾಕೆ ಹೊರಗೆ ಹಾಕಲಿಲ್ಲ? ನನಗೆ ತುಂಬಾ ಕಾಡಿದ ಪ್ರಶ್ನೆ ಇದು. ಉತ್ತರ ಏನೆಂದರೆ ಹುಳಕ್ಕೂ ತನ್ನದೇ ಕಸುಬು ಗೊತ್ತು. ಕರುಳನ್ನು ಕಚ್ಚಿದ ಕಡೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಪ್ರೋಟೀನ್ ಬಿಡುತ್ತದೆ. ರೋಗನಿರೋಧಕ ಕೋಶಗಳನ್ನು ತಣ್ಣಗಿಡುವ ಪ್ರೋಟೀನ್‌ಗಳನ್ನೂ ಬಿಡುತ್ತದೆ. ಸಾಕು, ಜಗಳ ನಿಲ್ಲಿಸಿ ಅಂತ ಹೇಳುವ ಟಿ ಕೋಶಗಳು ನಮ್ಮಲ್ಲೇ ಇವೆ, ಅವು ಜಾಸ್ತಿಯಾಗುತ್ತವೆ. ಮೈಗೂ ಒಂದು ಲೆಕ್ಕ ಇದೆ. ಜೋರಾಗಿ ಹೋರಾಡಿದರೆ ಕರುಳೇ ಗಾಯ ಆಗುತ್ತದೆ. ಅದಕ್ಕಿಂತ ಹುಳದ ಸಂಖ್ಯೆ ಏರದ ಹಾಗೆ ನೋಡಿಕೊಂಡು, ಅದು ಮಾಡಿದ ಗಾಯವನ್ನು ರಿಪೇರಿ ಮಾಡಿಕೊಂಡು ಹೋಗುವುದು ವಾಸಿ. ಒಂದು ಥರ ರಾಜಿ. ದಡಾರ ಒಂದು ಸಲ ಬಂದರೆ ಮತ್ತೆ ಬರೋದಿಲ್ಲ ಅಂತೀವಲ್ಲ, ಆ ಥರದ ಗಟ್ಟಿ ರಕ್ಷಣೆ ಕೊಕ್ಕೆಹುಳುವಿಗೆ ಸಿಗುವುದೇ ಇಲ್ಲ. ದುಂಡುಹುಳು, ಚಾಟಿಹುಳು ಅನ್ನೋ ಬೇರೆ ಎರಡು ಕರುಳಿನ ಹುಳಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಜಾಸ್ತಿ, ದೊಡ್ಡವರಾದ ಹಾಗೆ ಕಡಿಮೆ. ಕೊಕ್ಕೆಹುಳು ಹಾಗಲ್ಲ, ದೊಡ್ಡವರಲ್ಲೂ ಹಾಗೇ ಇರುತ್ತದೆ, ವಯಸ್ಸಾದ ಹಾಗೆ ಏರುವುದೂ ಉಂಟು. ಆ ರಾಜಿಯ ಬೆಲೆ ರಕ್ತ. ನಮ್ಮ ಕಡೆ ಜಾಸ್ತಿ ಇರುವ ನೆಕೇಟರ್ ಜಾತಿಯ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ಕಳೆಯುತ್ತದೆ. ನೂರು ಹುಳ ಇದ್ದರೆ ದಿನಕ್ಕೆ 3, ತಿಂಗಳಿಗೆ 90. ಊಟದಲ್ಲಿ ಕಬ್ಬಿಣಾಂಶ ಮೊದಲೇ ಕಡಿಮೆ ಇರುವ ಹೆಂಗಸಿಗೆ ಇದು ಸಣ್ಣದಲ್ಲ.

ಈ ಮಾತ್ರೆ ಆ ರಾಜಿಯನ್ನು ಮುರಿಯುತ್ತದೆ, ಅದಕ್ಕೆ ನನಗೆ ಇದರ ಮೇಲೆ ಗೌರವ. ಅದು ನಮ್ಮ ರೋಗನಿರೋಧಕ ಶಕ್ತಿಯನ್ನು ಏರಿಸುವುದಿಲ್ಲ, ನೇರವಾಗಿ ಹುಳದ ಮೇಲೆ ಕೆಲಸ ಮಾಡುತ್ತದೆ. ಹುಳದ ಜೀವಕೋಶಗಳ ಒಳಗೆ ಟ್ಯೂಬುಲಿನ್ ಅನ್ನೋ ಪ್ರೋಟೀನಿನ ಚೌಕಟ್ಟು ಇರುತ್ತದೆ, ಅದನ್ನು ಕಟ್ಟಲು ಬಿಡುವುದಿಲ್ಲ. ಆಗ ಹುಳ ಸಕ್ಕರೆ ಹೀರಲಾಗದೆ, ಶಕ್ತಿ ಇಲ್ಲದೆ ಸಾಯುತ್ತದೆ. ಡಾಕ್ಟರು ಅಮ್ಮನಿಗೆ ದಿನಕ್ಕೊಂದರಂತೆ ಮೂರು ದಿನ ಕೊಟ್ಟರು, ಜೊತೆಗೆ ಕಬ್ಬಿಣಾಂಶದ ಮಾತ್ರೆ ಮೂರು ತಿಂಗಳು. ಮೊದಲ ದಿನ ಸ್ವಲ್ಪ ಹೊಟ್ಟೆ ತೊಳಸಿತು, ಅಷ್ಟೇ. ಎರಡೂವರೆ ತಿಂಗಳಿಗೆ ಹಿಮೋಗ್ಲೋಬಿನ್ 10.9. ಇಯೋಸಿನೋಫಿಲ್ ಮಾತ್ರ ನಿಧಾನಕ್ಕೆ ಇಳಿಯಿತು, ಮೊದಲ ತಿಂಗಳಲ್ಲಿ ಇನ್ನೂ 14 ಇತ್ತು. ನಾನು ಗಾಬರಿಯಾಗಿ ಫೋನ್ ಮಾಡಿದೆ. ಹುಳ ಸತ್ತ ಮೇಲೂ ಮೈ ಆ ಸೈನ್ಯವನ್ನು ಒಂದೇ ಸಲ ಮನೆಗೆ ಕಳಿಸುವುದಿಲ್ಲ, ವಾರಗಟ್ಟಲೆ ಬೇಕು, ಅಂದರು. ಆಮೇಲೆ 5ಕ್ಕೆ ಬಂತು.

ಮಗನ ವಿಷಯ ಬೇರೆ. ಜನವರಿಯಲ್ಲಿ ರಾತ್ರಿ ಹೊತ್ತು ಹಿಂಬದಿ ಕೆರೆದುಕೊಂಡು ಎದ್ದು ಕೂರುತ್ತಿದ್ದ, ನಿದ್ದೆ ಇಲ್ಲ. ನಮ್ಮತ್ತೆ ಬೆಲ್ಲ ಜಾಸ್ತಿ ತಿಂದಿದ್ದಕ್ಕೆ ಅಂದರು. ಬೆಲ್ಲ ತಿಂದರೆ ಹುಳ ಹುಟ್ಟೋದಿಲ್ಲ, ಇವನಿಗೆ ಬಂದಂಥ ಹುಳ ಮೊಟ್ಟೆ ಬಾಯಿಗೆ ಹೋದರೆ ಮಾತ್ರ. ಅವನದ್ದು ದಾರದ ಹುಳು, ಸಣ್ಣ ಬಿಳಿ ದಾರದ ತುಂಡಿನ ಹಾಗೆ. ಹೆಣ್ಣುಹುಳು ರಾತ್ರಿ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ಇದಕ್ಕೆ ಮಲ ಪರೀಕ್ಷೆಗಿಂತ ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಅಂಟುವ ಟೇಪ್ ಒತ್ತಿ ನೋಡುವುದೇ ಸರಿ. ನಾನು ಅಮ್ಮನ ನೆನಪಿನಲ್ಲಿ ಇವನಿಗೂ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿದೆ. ಇಯೋಸಿನೋಫಿಲ್ ಬರೀ 3! ಹುಳ ಕಣ್ಣಿಗೆ ಕಾಣುತ್ತಿದೆ, ರಕ್ತದಲ್ಲಿ ಏನೂ ಇಲ್ಲ. ಕಾರಣ ಇಷ್ಟೇ, ಈ ಹುಳ ಚರ್ಮ, ರಕ್ತ, ಶ್ವಾಸಕೋಶ ಅಂತ ಎಲ್ಲೂ ಅಲೆಯುವುದಿಲ್ಲ. ಕರುಳಿನ ಒಳಗೇ ಇದ್ದು ಒಳಗೇ ಬೆಳೆಯುತ್ತದೆ. ಗೋಡೆ ಕೊರೆಯದ ಕಳ್ಳನಿಗೆ ನಾಯಿ ಬೊಗಳುವುದೂ ಕಡಿಮೆ. ಇಯೋಸಿನೋಫಿಲ್ ಸರಿ ಇದೆ ಅಂದಮಾತ್ರಕ್ಕೆ ಹುಳ ಇಲ್ಲ ಅಂತ ಅಲ್ಲ, ಇದನ್ನು ದಯವಿಟ್ಟು ನೆನಪಿಡಿ.

ಇಲ್ಲಿ ಮಾತ್ರೆಯ ಮೊದಲ ಕೊರತೆ ನಮಗೆ ತಗುಲಿತು. ಒಂದು ಮಾತ್ರೆ ಕೊಟ್ಟೆವು, ನಾಲ್ಕೇ ದಿನದಲ್ಲಿ ಆರಾಮಾದ. ಮೂರು ವಾರಕ್ಕೆ ಮತ್ತೆ ಕೆರೆತ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಈ ಹುಳದ ಮೊಟ್ಟೆಯನ್ನಲ್ಲ. ಮೊಟ್ಟೆ ಹಾಸಿಗೆ, ಉಗುರು, ಟವೆಲ್ಲಿನಲ್ಲಿ ಎರಡು ಮೂರು ವಾರ ಬದುಕಿರುತ್ತದೆ. ಎರಡು ವಾರ ಬಿಟ್ಟು ಎರಡನೇ ಮಾತ್ರೆ ತಿನ್ನಬೇಕು, ಮನೆಯವರೆಲ್ಲ ಒಟ್ಟಿಗೆ ತಿನ್ನಬೇಕು. ಹೊದಿಕೆ ಎಲ್ಲ ಬಿಸಿನೀರಿಗೆ ಹಾಕಬೇಕು. ಇದನ್ನು ಮೆಡಿಕಲ್ ಶಾಪಿನವರು ಹೇಳಲಿಲ್ಲ, ಪೊಟ್ಟಣದ ಮೇಲೂ ಇರಲಿಲ್ಲ. ಎರಡನೇ ಸಲ ಸರಿಯಾಗಿ ಮಾಡಿದೆವು, ಆಮೇಲೆ ತೊಂದರೆ ಇಲ್ಲ.

ಎಲ್ಲ ಹುಳಕ್ಕೂ ಒಂದೇ ರೀತಿ ಕೆಲಸ ಮಾಡುತ್ತೆ ಅಂತಲೂ ಅಂದುಕೊಳ್ಳಬೇಡಿ. ಒಂದೇ ಒಂದು 400ರ ಮಾತ್ರೆಯಿಂದ ದುಂಡುಹುಳು ನೂರಕ್ಕೆ 95 ಜನರಲ್ಲಿ ಹೋಗುತ್ತದೆ. ಕೊಕ್ಕೆಹುಳು 80ರ ಹತ್ತಿರ. ಚಾಟಿಹುಳು ಸುಮಾರು 30 ಜನರಲ್ಲಿ ಮಾತ್ರ. ಮೈಯಲ್ಲಿ ವರ್ಷಗಟ್ಟಲೆ ತನ್ನಷ್ಟಕ್ಕೆ ಮತ್ತೆ ಮತ್ತೆ ಹುಟ್ಟುವ ಸ್ಟ್ರಾಂಜಿಲಾಯ್ಡಿಸ್ ಅನ್ನೋ ಹುಳ ಒಂದಿದೆ, ಅದಕ್ಕೆ ಐವರ್‌ಮೆಕ್ಟಿನ್ ಅನ್ನೋ ಬೇರೆ ಔಷಧಿ ವಾಸಿ. ಅದೂ ಮಣ್ಣಿನಿಂದ ಚರ್ಮ ತೂರಿಯೇ ಬರುತ್ತದೆ, ಇಯೋಸಿನೋಫಿಲ್ ಏರಿಸುತ್ತದೆ. ಅದಿರುವವರಿಗೆ ಸ್ಟೀರಾಯ್ಡ್ ಕೊಟ್ಟರೆ ಹುಳವನ್ನು ತಡೆಯುವ ಮೈಯ ಕೈ ಸಡಿಲಾಗಿ ಹುಳ ಮೈಯೆಲ್ಲ ಹರಡಿ ಜೀವಕ್ಕೇ ಬರಬಹುದು. ಕೆಮ್ಮಿಗೆ ಯಾರಾದರೂ ಸ್ಟೀರಾಯ್ಡ್ ಕೊಟ್ಟಿದ್ದಾರಾ ಅಂತ ನಮ್ಮ ಡಾಕ್ಟರು ಎರಡು ಸಲ ಕೇಳಿದ್ದು ಅದಕ್ಕೇ.

ಅಲರ್ಜಿ ಬಗ್ಗೆ ಒಂದು ಮಾತು. ಹೊಟ್ಟೆಯಲ್ಲಿ ನಾಲ್ಕು ಹುಳ ಇದ್ದರೆ ಅಸ್ತಮಾ, ಅಲರ್ಜಿ ಬರಲ್ಲ, ಮಾತ್ರೆ ತಿನ್ನಬೇಡಿ ಅಂತ ಒಂದು ಫಾರ್ವರ್ಡ್ ಮೆಸೇಜು ನಮ್ಮ ಕುಟುಂಬದ ಗುಂಪಿಗೂ ಬಂತು. ಪೂರ್ತಿ ಗಾಳಿಮಾತಲ್ಲ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಡೇವಿಡ್ ಪ್ರಿಚರ್ಡ್ 2004ರಲ್ಲಿ ಇದನ್ನು ಪರೀಕ್ಷಿಸುವ ಮೊದಲು ತಾವೇ 50 ಕೊಕ್ಕೆಹುಳು ಮರಿಗಳನ್ನು ತೋಳಿನಿಂದ ಒಳಗೆ ಬಿಟ್ಟುಕೊಂಡಿದ್ದರು. ಆಮೇಲೆ ಅಸ್ತಮಾ ಇದ್ದವರಿಗೆ ಹತ್ತು ಹತ್ತು ಮರಿ ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಎಣಿಸಿ ಕೊಟ್ಟ ಹತ್ತು ಮರಿ ಬೇರೆ, ಪ್ರತಿ ಮಳೆಗಾಲ ಕಾಲಿನಿಂದ ಹತ್ತುವ ಲೆಕ್ಕವಿಲ್ಲದ ಮರಿ ಬೇರೆ. 7.6 ಹಿಮೋಗ್ಲೋಬಿನ್‌ನಲ್ಲಿ ಅಮ್ಮ ಮೆಟ್ಟಿಲ ಮೇಲೆ ಕೂತು ಉಸಿರು ಎಳೆಯುತ್ತಿದ್ದುದನ್ನು ನೋಡಿದವಳು ನಾನು. ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ.

ನನ್ನ ದೊಡ್ಡ ದೂರು ಮಾತ್ರೆಯ ಮೇಲಲ್ಲ, ಅದು ಯಾರ ಕೈಗೆ ಸಿಗುತ್ತೆ ಅನ್ನೋದರ ಮೇಲೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ, ಫೆಬ್ರವರಿ 10 ಮತ್ತು ಆಗಸ್ಟ್ 10. ಮುಖ್ಯವಾಗಿ 1ರಿಂದ 19 ವರ್ಷದವರಿಗೆ. ತುಂಬಾ ಒಳ್ಳೆ ಕೆಲಸ, ನಮ್ಮೂರಿನ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು ಬಿಟ್ಟುಹೋದ ಮಕ್ಕಳಿಗೂ ಕೊಡುತ್ತಾರೆ. ಆದರೆ ಕೊಕ್ಕೆಹುಳು ತೋಟ, ಗದ್ದೆಯಲ್ಲಿ ಬರಿಗಾಲಲ್ಲಿ ನಿಂತ ದೊಡ್ಡವರದ್ದು. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನ ಮೇಲೆ ಒಂದು ಮಾತ್ರೆ ಸಿಗುತ್ತದೆ. ಅಮ್ಮನಂಥವರಿಗೆ, ಅಮ್ಮನ ಜೊತೆ ಕಳೆ ತೆಗೆಯಲು ಬರುವ ಆರು ಜನ ಹೆಂಗಸರಿಗೆ ಯಾರೂ ಕೊಡುವುದಿಲ್ಲ. ಅವರನ್ನು ನಾನೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನಾಲ್ಕು ಜನರ ಹಿಮೋಗ್ಲೋಬಿನ್ 9ರ ಕೆಳಗಿತ್ತು.

ಮತ್ತೆ, ಇದು ಲಸಿಕೆ ಅಲ್ಲ. ಮಾತ್ರೆ ತಿಂದು ಅದೇ ಮಣ್ಣಿಗೆ ಹೋದರೆ ವರ್ಷದೊಳಗೆ ದುಂಡುಹುಳು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಬರುತ್ತದೆ, ಕೊಕ್ಕೆಹುಳು ಅರ್ಧಕ್ಕಿಂತ ಜಾಸ್ತಿ, ಹಲವು ದೇಶಗಳ ಲೆಕ್ಕ ಒಟ್ಟು ಸೇರಿಸಿ ನೋಡಿದ ಅಧ್ಯಯನದಲ್ಲಿ ಹಾಗೇ ಇದೆ. ನಾವು ತೋಟದ ಕೆಲಸದವರಿಗೆ ಅಲ್ಲೇ ಒಂದು ಶೌಚಾಲಯ ಕಟ್ಟಿಸಿದೆವು. ಎಲ್ಲರಿಗೂ ಗಮ್‌ಬೂಟು ತಂದೆವು. ಅಮ್ಮನಿಗೆ ಮೊದಮೊದಲು ಜಾರಿದ ಹಾಗಾಗುತ್ತೆ ಅಂತ ಸಿಟ್ಟು, ಈಗ ಅಭ್ಯಾಸ ಆಗಿದೆ.

ತಿನ್ನುವವರಿಗೆ: ಚೆನ್ನಾಗಿ ಅಗಿದು ತಿನ್ನಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ. ಒಂದು ವರ್ಷದೊಳಗೆ ಬೇಡ. ಗರ್ಭಿಣಿಯರು ಮೊದಲ ಮೂರು ತಿಂಗಳು ತಿನ್ನಬಾರದು. ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಹೇಳಿಯೇ ತಿನ್ನಿ, ಮಿದುಳಿನಲ್ಲಿ ಲಾಡಿಹುಳುವಿನ ಗುಳ್ಳೆ ಇದ್ದರೆ ಅದು ಸಾಯುವಾಗ ಮೈ ಕೊಡುವ ಪ್ರತಿಕ್ರಿಯೆಯೇ ತೊಂದರೆ ಕೊಡುತ್ತದೆ.

ಮಾತ್ರೆಗೆ 5ಕ್ಕೆ 4. ಒಂದು ಕಡಿಮೆ ಮಾಡಿದ್ದು ಚಾಟಿಹುಳುವಿಗೆ, ಮತ್ತು ಎರಡನೇ ಮಾತ್ರೆ ಬೇಕು ಅಂತ ಪೊಟ್ಟಣದ ಮೇಲೆ ಬರೆಯದೇ ಇದ್ದುದಕ್ಕೆ. ಅಮ್ಮನಿಗೆ ಈ ಮಳೆಗಾಲದಲ್ಲಿ ಕಾಲು ಕೆರೆದಿಲ್ಲ. ಮುಂದಿನ ಸಿಬಿಸಿ, ಮಲ ಪರೀಕ್ಷೆ ದೀಪಾವಳಿ ಕಳೆದ ಮೇಲೆ. ಈ ಸಲ ಮಾದರಿ ತೆಗೆದುಕೊಂಡು ಹೋಗುವವಳು ನಾನೇ, ಬೆಳಗಿನ ಮೊದಲ ಬಸ್ಸಿಗೆ.